ಖಾಲಿ ಕೊಡದ ಹನಿ

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮೊದಲು ಕಣ್ಣು ಎಷ್ಟರದ್ದೆಂದು ಕೇಳುತ್ತಾರೆ. ಉತ್ತರ ಎರಡೇ. ಸಂತೆ ರಸ್ತೆಯಿಂದ ಕೋಟೆಯ ಕಡೆ ಹುಟ್ಟಿದವರದು ಇಪ್ಪತ್ತೈದರ ಕಣ್ಣು, ಕೆರೆಯ ಕಡೆ ಹುಟ್ಟಿದವರದು ಮೂವತ್ತರ ಕಣ್ಣು. ಕೋಟೆಯ ಕಣ್ಣು ಒಂದು ಸೆಕೆಂಡಿಗೆ ಇಪ್ಪತ್ತೈದು ನೋಟ ಹಿಡಿಯುತ್ತದೆ, ಕೆರೆಯ ಕಣ್ಣು ಮೂವತ್ತು. ಅಪ್ಪ ಅಮ್ಮ ಯಾವ ಕಡೆಯವರೆಂಬುದು ಲೆಕ್ಕಕ್ಕೆ ಬರುವುದಿಲ್ಲ, ಮಗು ಎಲ್ಲಿ ಹುಟ್ಟಿತೆಂಬುದಷ್ಟೇ ಮುಖ್ಯ. ಹಾಗಾಗಿ ಎರಡೂ ಕಡೆಯ ಸಂಬಂಧ ಬೆಳೆದ ಮನೆಗಳಲ್ಲಿ ಬಸುರಿಯನ್ನು ಯಾವ ಕಡೆಯ ಆಸ್ಪತ್ರೆಗೆ ಸೇರಿಸಬೇಕೆಂಬ ಜಗಳ ಸೀಮಂತದ ದಿನವೇ ಶುರುವಾಗುತ್ತದೆ.

ದಿನದ ಬದುಕಿಗೆ ಇದರಿಂದ ಹೆಚ್ಚಿನ ತೊಡಕಿಲ್ಲ. ಎದುರಿಗೆ ನಡೆದುಬರುವವರನ್ನು ಅವರವರ ಕಣ್ಣು ಅವರವರ ಲೆಕ್ಕದಲ್ಲಿ ಹಿಡಿದುಕೊಳ್ಳುತ್ತದೆ. ಫ್ಯಾನಿನ ರೆಕ್ಕೆ ಎಡಕ್ಕೆ ತಿರುಗುತ್ತಿದೆಯೋ ಬಲಕ್ಕೋ ಎಂದು ಗಂಡ ಹೆಂಡಿರು ಆಗೊಮ್ಮೆ ಈಗೊಮ್ಮೆ ವಾದ ಮಾಡುವುದುಂಟು. ಕೆರೆ ಕಡೆಯವರು ನಮ್ಮನ್ನು ‘ಐದು ಕಮ್ಮಿಯವರು’ ಎಂದು ಹಂಗಿಸುತ್ತಾರೆ. ನಮ್ಮವರು ಬಾಯಲ್ಲಿ ಜಗಳಕ್ಕೆ ನಿಂತರೂ ಒಳಗೊಳಗೇ ಅದನ್ನು ಒಪ್ಪಿಕೊಂಡಿದ್ದಾರೆ. ಇಪ್ಪತ್ತೈದಕ್ಕಿಂತ ಮೂವತ್ತು ಹೆಚ್ಚೆಂಬುದನ್ನು ಯಾರು ಅಲ್ಲಗಳೆಯಲಾದೀತು? ನಾನು ಕೋಟೆ ಕಡೆ ಹುಟ್ಟಿದವಳು. ಊರಿನ ವಾರಪತ್ರಿಕೆಯಲ್ಲಿ ವರದಿ ಬರೆಯುವುದು, ಬೇರೆಯವರ ವರದಿ ತಿದ್ದುವುದು ನನ್ನ ಕೆಲಸ. ಅಚ್ಚಾದ ಅಕ್ಷರ ಅಲುಗುವುದಿಲ್ಲವಾದ್ದರಿಂದ ನಮ್ಮ ಪತ್ರಿಕೆಯನ್ನು ಎರಡೂ ಕಡೆಯವರು ಓದುತ್ತಾರೆ, ಎರಡೂ ಕಡೆಯವರು ಬೈಯುತ್ತಾರೆ.

ನಿಜವಾದ ತೊಡಕು ಬರುವುದು ವಿಡಿಯೊದಲ್ಲಿ. ಇಪ್ಪತ್ತೈದರ ವಿಡಿಯೊವನ್ನು ಹಾಗೆಯೇ ಹಾಕಿದರೆ ಕೆರೆ ಕಡೆಯವರಿಗೆ ತಲೆ ಸುತ್ತುತ್ತದೆ, ಸ್ವಲ್ಪ ಹೊತ್ತು ನೋಡಿದರೆ ವಾಂತಿಯೂ ಆಗುತ್ತದೆ. ಸಂತೆ ರಸ್ತೆಯಲ್ಲಿ ಸ್ಟುಡಿಯೊ ಇಟ್ಟಿರುವ ಜಾಫರಣ್ಣನ ಕ್ಯಾಮೆರಾ ಇಪ್ಪತ್ತೈದರದ್ದು. ಹಾಗಾಗಿ ಮದುವೆ, ನಾಮಕರಣ, ಗೃಹಪ್ರವೇಶ ಯಾವುದೇ ಇರಲಿ, ಅವನು ಎರಡು ಕಾಪಿ ಮಾಡಬೇಕು. ಮೊದಲೆಲ್ಲ ಪ್ರತಿ ಐದು ಫ್ರೇಮಿಗೊಮ್ಮೆ ಒಂದನ್ನು ಎರಡು ಸಲ ತೋರಿಸಿ ಮೂವತ್ತು ಮಾಡುತ್ತಿದ್ದ. ತಲೆಸುತ್ತು ನಿಂತಿತು, ಆದರೆ ಚಿತ್ರ ಎಡವುತ್ತಿತ್ತು. ಕೆರೆ ಕಡೆಯ ತಾಯಿಯೊಬ್ಬಳು ಸ್ಟುಡಿಯೊಕ್ಕೇ ಬಂದು, ‘ತಾಳಿ ಕಟ್ಟೋ ಹೊತ್ನಲ್ಲಿ ನನ್ನ ಮಗಳಿಗೆ ಬಿಕ್ಕಳಿಕೆ ಬಂದಿತ್ತೇನಪ್ಪ?’ ಎಂದು ಕೇಳಿದ್ದಳಂತೆ. ಆ ಮಾತು ಅವನಿಗೆ ನಾಟಿತು. ಅಂತರ್ಜಾಲದಲ್ಲಿ ಹುಡುಕಿ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಒಂದು ತಂತ್ರಾಂಶ ತಂದ. ಕಪ್ಪು ಪರದೆಯ ಮೇಲೆ ಒಂದು ಸಾಲು ಆದೇಶ ಬರೆದು ಬಿಟ್ಟರೆ ಅದು ತನ್ನಷ್ಟಕ್ಕೆ ತಾನೇ ಮೂವತ್ತು ಮಾಡಿ ಕೊಡುತ್ತಿತ್ತು. ಈ ಸಲ ಎಡವಲಿಲ್ಲ, ಬಿಕ್ಕಲಿಲ್ಲ. ಮದುಮಗಳು ಹಸೆಮಣೆಯತ್ತ ನೀರಿನ ಮೇಲೆ ತೇಲಿದ ಹಾಗೆ ಬಂದಳು. ಕೆರೆ ಕಡೆಯವರು ಅದಕ್ಕೆ ‘ಬೆಣ್ಣೆ ಕಾಪಿ’ ಎಂದು ಹೆಸರಿಟ್ಟರು. ಜಾಫರಣ್ಣ ಅಂಗಡಿಯ ಬೋರ್ಡಿನ ಮೇಲೂ ಅದನ್ನೇ ಬರೆಸಿದ.

ಇನ್ನು ಅನುಸೂಯಳ ವಿಷಯ. ಕೋಟೆ ಕಡೆಯ ಕೊನೆ ಬೀದಿಯವಳು, ಸೋದರಮಾವನ ಜೊತೆ ಕೊಳಾಯಿ ರಿಪೇರಿ ಮಾಡುತ್ತ ಬೆಳೆದವಳು. ಮಾವ ತೀರಿಕೊಂಡ ಮೇಲೆ ಅವನ ಪೈಪ್ ರೆಂಚನ್ನೇ ಹೆಗಲಿಗೇರಿಸಿಕೊಂಡು ಒಬ್ಬಳೇ ತಿರುಗುತ್ತಿದ್ದಳು. ಗಾಜಿನ ಬಳೆ ಈ ಕೆಲಸಕ್ಕೆ ನಿಲ್ಲುವುದಿಲ್ಲವೆಂದು ಬಲಗೈಗೆ ಒಂದೇ ಒಂದು ಸ್ಟೀಲಿನ ಬಳೆ ಹಾಕುತ್ತಿದ್ದಳು. ಅವಳಿಗೆ ಊರಿನ ನೀರುಗಂಟಿ ಆಗಬೇಕೆಂಬ ಆಸೆ. ಕೆರೆಯ ಏರಿಯ ಮೇಲಿರುವ ನೀರ್ಮನೆಯ ಕೀಲಿ ನೀರುಗಂಟಿಯ ಸೊಂಟದಲ್ಲಿರುತ್ತದೆ; ಯಾವ ಬೀದಿಗೆ ಯಾವಾಗ ನೀರು ಬಿಡಬೇಕೆಂಬುದು ಅವರದೇ ಮಾತು. ಆ ಕೀಲಿ ಬಹಳ ವರ್ಷಗಳಿಂದ ಕೆರೆ ಕಡೆಯ ವೀರಭದ್ರಯ್ಯನ ಬಳಿ ಇತ್ತು. ಆತ ಕೆಟ್ಟವನಲ್ಲ. ಅಪ್ಪ ತಿರುಗಿಸುತ್ತಿದ್ದ ಕ್ರಮದಲ್ಲೇ ಚಕ್ರ ತಿರುಗಿಸುತ್ತಿದ್ದ, ಅಷ್ಟೇ. ಆ ಕ್ರಮದಲ್ಲಿ ಕೊನೆ ಬೀದಿಗೆ ನೀರು ನೂಲಿನಂತೆ ಬರುತ್ತಿತ್ತು. ಮೊದಲು ಎತ್ತರದ ಕೊಳವೆ ತುಂಬಿಸಿ ಆಮೇಲೆ ತಗ್ಗಿನದು ಬಿಟ್ಟರೆ ಎಲ್ಲರಿಗೂ ಸಿಗುತ್ತದೆ ಎಂದು ಅನುಸೂಯ ಅವನಿಗೆ ಹಲವು ಸಲ ಹೇಳಿದ್ದಳು. ‘ಕೀಲಿ ನಿನ್ ಸೊಂಟಕ್ಕೆ ಬಂದಾಗ ಹಂಗೇ ಮಾಡವ್ವ’ ಎಂದು ಆತ ನಗುತ್ತಿದ್ದ. ಕೊನೆಗೊಂದು ದಿನ ಅವಳು ಕೊಡ ಕೇಳಿಯೇಬಿಟ್ಟಳು.

ಕೊಡ ಕೇಳುವುದೆಂದರೆ ಇದು. ಕೋಟೆಯ ಬಾವಿಯಲ್ಲಿ ಹಿತ್ತಾಳೆ ಕೊಡವನ್ನು ಬಾಯಿಮಟ್ಟ ತುಂಬಿಸಿ, ತಲೆಯ ಮೇಲೆ ಹೊತ್ತು, ಊರು ದಾಟಿ ಕೆರೆಯ ತೂಬಿನವರೆಗೆ ನಡೆಯಬೇಕು. ಒಂದು ಹನಿಯೂ ಚೆಲ್ಲದೆ ತಲುಪಿದರೆ ಕೀಲಿ ಅವರದು. ಎರಡೂ ಕಡೆಯ ಹಿರಿಯರು ಜೊತೆಗೇ ನಡೆಯುತ್ತಾರೆ. ತೂಬಿನ ಬಳಿ ಕೊಡ ಇಳಿಸುವ ಮೊದಲು ‘ಚೆಲ್ಲಿತಾ?’ ಎಂದು ಕೇಳುತ್ತಾರೆ. ಹೊತ್ತವರು ಉತ್ತರ ಕೊಡುವ ತನಕ ಬೇರೆ ಯಾರೂ ಬಾಯಿ ಬಿಡುವಂತಿಲ್ಲ. ಚೆಲ್ಲಿತು ಎಂದರೆ ಅಲ್ಲಿಗೆ ಮುಗಿಯಿತು, ಅವಮಾನವೇನಿಲ್ಲ, ಆದರೆ ಜನ್ಮದಲ್ಲಿ ಇನ್ನೊಮ್ಮೆ ಕೊಡ ಕೇಳುವಂತಿಲ್ಲ. ಚೆಲ್ಲಿದ್ದೂ ಇಲ್ಲವೆಂದರೆ ಮಾತ್ರ ದೊಡ್ಡ ತಪ್ಪು. ಅಂಥವರು ಊರ ನೀರಿನ ಯಾವ ಕೊಳವೆಯನ್ನೂ ಮುಟ್ಟಬಾರದು. ಹಿಂದೊಮ್ಮೆ ಹಿರಿಯರ ಕಣ್ಣುಗಳೇ ಜಗಳವಾಡಿಕೊಂಡಿದ್ದರಿಂದ, ವಿಡಿಯೊ ತೆಗೆಸಿ ಎರಡೂ ಕಡೆ ಪರದೆಯ ಮೇಲೆ ನೋಡಿ ತೀರ್ಮಾನ ಹೇಳುವ ರೂಢಿ ಬಂದಿತ್ತು. ಕಣ್ಣು ಜಗಳವಾಡುತ್ತದೆ, ವಿಡಿಯೊ ಆಡುವುದಿಲ್ಲ ಎಂಬುದು ಎಲ್ಲರ ನಂಬಿಕೆ.

ಅನುಸೂಯ ಹೊತ್ತ ದಿನ ನಾನೂ ಜೊತೆಗೆ ನಡೆದೆ. ಅವಳು ನಡೆಯುವುದನ್ನು ನೋಡುತ್ತ ನನಗೇ ಕುತ್ತಿಗೆ ನೋವು ಬಂದಿತ್ತು. ಸಂತೆ ರಸ್ತೆ ದಾಟಿ, ಹೊಂಬಾಳಮ್ಮನ ಹಿಟ್ಟಿನ ಗಿರಣಿಯ ಮೂಲೆ ತಿರುಗಿ, ಏರಿ ಹತ್ತಿ, ತೂಬಿನ ಕಲ್ಲಿನ ಮುಂದೆ ನಿಂತಳು. ಕೆರೆ ಕಡೆಯ ಹಿರಿಯಳೂ ಈ ಹೊಂಬಾಳಮ್ಮನೇ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಆಕೆಯ ದನಿ ಯಾವಾಗಲೂ ಏರಿಯೇ ಇರುತ್ತದೆ. ಅವತ್ತು ಮಾತ್ರ ಮೆಲ್ಲಗೆ ಕೇಳಿದರು: ‘ಚೆಲ್ಲಿತಾ?’

‘ಇಲ್ಲ,’ ಎಂದಳು ಅನುಸೂಯ.

ಜೊತೆಗೆ ನಡೆದ ಹಿರಿಯರಲ್ಲಿ ಯಾರೂ ಹನಿ ಕಂಡಿರಲಿಲ್ಲ. ಆದರೂ ರೂಢಿಯಂತೆ ವಿಡಿಯೊ ನೋಡಬೇಕಲ್ಲ. ಕೋಟೆ ಕಡೆ ಛತ್ರದ ಗೋಡೆಯ ಮೇಲೆ ಮೂಲ ವಿಡಿಯೊ ಹಾಕಿದರು. ಮೊದಲಿನಿಂದ ಕೊನೆಯ ತನಕ ಒಂದು ಹನಿಯೂ ಇಲ್ಲ. ಕೆರೆ ಕಡೆ ಶಾಲೆಯ ಸಭಾ ಹಾಲಿನಲ್ಲಿ ಬೆಣ್ಣೆ ಕಾಪಿ ಹಾಕಿದರು. ಗಿರಣಿಯ ಮೂಲೆಗೆ ಬಂದಾಗ ಹಿಂದಿನ ಸಾಲಿನಲ್ಲಿದ್ದವರೊಬ್ಬರು ನಿಲ್ಲಿಸಿ ಎಂದರಂತೆ. ಹಿಂದಕ್ಕೆ ತಂದು ಒಂದೊಂದೇ ಫ್ರೇಮು ಬಿಟ್ಟು ನೋಡಿದರು. ಕೊಡದ ತಳ ಮತ್ತು ಅನುಸೂಯಳ ಎತ್ತಿದ ಕೈ, ಇವೆರಡರ ನಡುವಿನ ಗಾಳಿಯಲ್ಲಿ, ಬಿಳಿಯ ಒಂದು ಹನಿ ನಿಂತಿತ್ತು.

ಸುದ್ದಿ ಸಂತೆ ರಸ್ತೆ ದಾಟಿ ನಮ್ಮ ಕಡೆಗೆ ಬರುವಷ್ಟರಲ್ಲಿ ಹನಿ ಬೊಗಸೆಯಾಗಿತ್ತು. ನಾನು ಹೋಗಿ ಕಣ್ಣಾರೆ ನೋಡಿದೆ. ಬೊಗಸೆಯಲ್ಲ, ಹನಿಯೇ. ಆದರೆ ಇರುವುದೇನೋ ನಿಜ. ಹೊಂಬಾಳಮ್ಮ ನ್ಯಾಯವಾಗಿಯೇ ನಡೆದುಕೊಂಡರು. ಮೂಲ ವಿಡಿಯೊವನ್ನೂ ತರಿಸಿ, ಓಡಿಸಿದರೆ ತಲೆ ಸುತ್ತುತ್ತದೆಂದು ಒಂದೊಂದೇ ಫ್ರೇಮು ನಿಲ್ಲಿಸಿ ನೋಡಿದರು. ಮೂಲದಲ್ಲಿ ಹನಿ ಇರಲಿಲ್ಲ. ಅದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ. ಐದು ಕಮ್ಮಿಯವರ ವಿಡಿಯೊದಲ್ಲಿ ಹೇಗೆ ಸಿಕ್ಕೀತು, ಎರಡು ನೋಟದ ಸಂದಿಯಲ್ಲಿ ಬಿದ್ದಿದೆ, ನಮ್ಮ ಮೂವತ್ತರಲ್ಲಿ ಸಿಕ್ಕಿಬಿತ್ತು ಎಂದರು ಕೆರೆ ಕಡೆಯವರು. ನಮ್ಮ ಕಡೆಯವರು ತಲೆ ತಗ್ಗಿಸಿದರು. ತಲತಲಾಂತರದಿಂದ ಕೇಳಿಕೊಂಡು ಬಂದ ಮಾತು ಇದೇ ತಾನೆ. ಬರುವ ಸಂತೆಯ ದಿನ ತೀರ್ಮಾನ ಎಂದು ಗೊತ್ತುಮಾಡಿದರು.

ಮಾರನೆಯ ದಿನ ಅನುಸೂಯಳನ್ನು ಕಾಣಲು ಹೋದೆ. ಮನೆಯ ಜಗಲಿಯಲ್ಲಿ ಕೂತು ಒಂದು ಹಳೆಯ ನಲ್ಲಿಯನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುತ್ತಿದ್ದಳು. ಯಾರದ್ದು ಎಂದು ಕೇಳಿದೆ. ಯಾರದ್ದೂ ಅಲ್ಲ, ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ, ಕೈ ಸುಮ್ಮನಿರಲೊಲ್ಲದು ಎಂದಳು. ಚೆಲ್ಲಲಿಲ್ಲವೆಂದು ಅವಳ ಬಾಯಿಂದ ಇನ್ನೊಮ್ಮೆ ಕೇಳಿ ಬರೆದುಕೊಳ್ಳಬೇಕೆಂದು ನಾನು ಹೋಗಿದ್ದೆ. ಅವಳು ಹೇಳಿದ್ದೇ ಬೇರೆ.

‘ನನ್ನ ಕಣ್ಣಿಗೆ ಸಿಗದೇ ಇರೋ ಸಂದೀಲಿ ಬಿದ್ದಿರಬೋದಲ್ವಾ ಪೇಪರಕ್ಕ? ಹನಿ ಬಿದ್ರೆ ಹೆಗಲಿಗೆ ತಣ್ಣಗೆ ಆಗ್ಬೇಕಿತ್ತು, ಆಗ್ಲಿಲ್ಲ. ಆದ್ರೂ ಅಷ್ಟು ಜನ ಕಂಡೋರು ಸುಳ್ಳಾಡ್ತಾರಾ? ಹಂಗಿದ್ರೆ ನಾನು ಗೊತ್ತಿಲ್ದೇ ಸುಳ್ಳು ಹೇಳ್ದಂಗಾಯ್ತು.’

ಕೀಲಿ ಕೈತಪ್ಪುವುದಕ್ಕಲ್ಲ, ತನ್ನ ಮಾತಿನ ಮೇಲೆ ತನಗೇ ನಂಬಿಕೆ ಹೋದದ್ದಕ್ಕೆ ಅವಳ ಮುಖ ಬಾಡಿತ್ತು. ನನಗೆ ಸಮಾಧಾನದ ಮಾತು ಬರುವುದಿಲ್ಲ. ಎದ್ದು ನೇರ ಸ್ಟುಡಿಯೊಕ್ಕೆ ಹೋದೆ. ಪತ್ರಿಕೆಯ ಕೆಲಸದಲ್ಲಿ ಮೊದಲು ಕಲಿಸುವ ಪಾಠ, ಒಂದು ಸಂಗತಿಯನ್ನು ಯಾರು ಹೇಳಿದರೆಂಬುದಲ್ಲ, ಯಾರು ನೋಡಿದರೆಂದು ಕೇಳುವುದು. ಹನಿಯನ್ನು ಕಂಡೆವೆಂದು ಹಾಲಿನಲ್ಲಿದ್ದ ಇಡೀ ಜನ ಹೇಳುತ್ತಿದ್ದರು. ಗಿರಣಿಯ ಮೂಲೆಯಲ್ಲಿ ಅದನ್ನು ಯಾರು ನೋಡಿದರು?

ಜಾಫರಣ್ಣ ಬೆಣ್ಣೆ ಕಾಪಿಯ ಬಗ್ಗೆ ಕೇಳಿದರೆ ಸಾಕು, ಚಹಾ ತರಿಸಿ ಕೂರಿಸಿಕೊಳ್ಳುತ್ತಾನೆ. ಅವತ್ತೂ ಹಾಗೇ ಆಯಿತು. ಕಂಪ್ಯೂಟರಿನಲ್ಲಿ ಎರಡು ಫ್ರೇಮು ತೆಗೆದು ಅಕ್ಕಪಕ್ಕ ಇಟ್ಟು ಉತ್ಸಾಹದಿಂದ ವಿವರಿಸಿದ. ತಂತ್ರಾಂಶ ಮೊದಲು ಈ ಚಿತ್ರ ನೋಡುತ್ತದೆ, ಆಮೇಲೆ ಆ ಚಿತ್ರ ನೋಡುತ್ತದೆ. ಇಲ್ಲಿದ್ದ ಕೈ ಅಲ್ಲಿಗೆ ಹೋಗಿದೆ ಎಂದರೆ ನಡುವೆ ಎಲ್ಲಿದ್ದಿರಬೇಕೆಂದು ಲೆಕ್ಕ ಹಾಕಿ, ನಡುವಿನ ಚಿತ್ರವನ್ನು ತಾನೇ ಬರೆಯುತ್ತದೆ. ಎಷ್ಟು ಚೆನ್ನಾಗಿ ಬರೆಯುತ್ತದೆಂದರೆ ನಿಜವೋ ಬರೆದದ್ದೋ ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ.

‘ಮೂವತ್ತರಲ್ಲಿ ಬರೆದದ್ದು ಎಷ್ಟು?’ ಎಂದು ಕೇಳಿದೆ.

ಅವನು ಬೆರಳು ಮಡಿಚಿ ಲೆಕ್ಕ ಹಾಕತೊಡಗಿದ. ಕ್ಯಾಮೆರಾದ ನೋಟ ಮತ್ತು ಕಾಪಿಯ ನೋಟ ಸರಿಯಾಗಿ ಒಂದೇ ಗಳಿಗೆಗೆ ಕೂಡುವುದು ಆರು ಫ್ರೇಮಿಗೊಮ್ಮೆ ಮಾತ್ರ. ‘ಸೆಕೆಂಡಿಗೆ ಐದು ಕೂಡ್ತವೆ,’ ಎಂದ. ‘ಉಳಿದ ಇಪ್ಪತ್ತೈದೂ ಬರ್ದಿದ್ದೇ...’ ಎನ್ನುತ್ತ ನನ್ನ ಮುಖ ನೋಡಿದ. ಲೋಟದಲ್ಲಿದ್ದ ಚಹಾ ಹಾಗೇ ಉಳಿಯಿತು.

ಹನಿ ನಿಂತಿದ್ದ ಫ್ರೇಮನ್ನು ತೆಗೆದೆವು. ಅದು ಬರೆದದ್ದೇ. ಅದರ ಹಿಂದಿನ ಮೂಲ ಫ್ರೇಮು, ಮುಂದಿನ ಮೂಲ ಫ್ರೇಮು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೂ ನಮಗಿಬ್ಬರಿಗೂ ಏನೂ ಹೊಳೆಯಲಿಲ್ಲ. ಅನುಸೂಯಳನ್ನೇ ಕರೆಸಿದೆವು. ಅವಳು ಚಪ್ಪಲಿ ಹೊರಗೆ ಬಿಟ್ಟು ಬಂದು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ, ಮೊದಲ ಚಿತ್ರದಲ್ಲಿ ಕೈಯ ಬಳಿ ಇದ್ದ ಬಿಳಿ ಚುಕ್ಕೆಯ ಮೇಲೆ ಬೆರಳಿಟ್ಟಳು.

‘ಇದು ನನ್ನ ಬಳೆ,’ ಎಂದಳು.

ಆಮೇಲೆ ಎಲ್ಲ ತಾನಾಗಿ ಬಿಚ್ಚಿಕೊಂಡಿತು. ಗಿರಣಿಯ ಮೂಲೆಯಲ್ಲಿ ಬೆಳಗಿನ ಬಿಸಿಲು ಬಳೆಗೆ ತಾಗಿ ಫಳಕ್ಕೆಂದಿದೆ. ಮುಂದಿನ ಫ್ರೇಮಿನಲ್ಲಿ ಬಳೆಯ ಹೊಳಪು ಆರಿ, ಅದೇ ಬಿಸಿಲು ಕೊಡದ ತಳಕ್ಕೆ ತಾಗಿದೆ. ಎರಡು ಬೇರೆ ಬೇರೆ ಮಿಂಚು. ತಂತ್ರಾಂಶ ಮಾತ್ರ ಅದನ್ನು ಒಂದೇ ಬಿಳಿ ವಸ್ತುವೆಂದು ಭಾವಿಸಿ, ಇಲ್ಲಿಂದ ಅಲ್ಲಿಗೆ ಹಾರಿರಬೇಕೆಂದು ಲೆಕ್ಕ ಹಾಕಿ, ನಡುವಿನ ಗಾಳಿಯಲ್ಲಿ ಒಂದು ಹನಿ ಬರೆದಿದೆ.

ಅನುಸೂಯ ಗೋಡೆಗೆ ಒರಗಿ ಕೂತಳು. ಅಳುತ್ತಾಳೇನೋ ಅಂದುಕೊಂಡೆ. ಅವಳು ಬಳೆಯನ್ನು ಸುತ್ತ ತಿರುಗಿಸುತ್ತ ನಗುತ್ತಿದ್ದಳು.

ನಗದೇ ಇದ್ದವನು ಜಾಫರಣ್ಣ. ಇದನ್ನು ಹೋಗಿ ಹೇಳಬೇಕಲ್ಲ, ಹೇಳಿದರೆ ಇಷ್ಟು ವರ್ಷ ಕೆರೆ ಕಡೆಗೆ ಕೊಟ್ಟ ಮದುವೆಗಳ ಕಥೆ ಏನಾಗಬೇಕು ಎಂದು ಕೂತುಬಿಟ್ಟ. ತೀರಿಹೋದವರು ನಗುವುದನ್ನು ನೋಡಲೆಂದೇ ಹಬ್ಬದ ದಿನ ಆ ಕಾಪಿ ಹಾಕಿಕೊಳ್ಳುವ ಮನೆಗಳಿದ್ದವು. ಆ ನಗುವಿನಲ್ಲಿ ಮುಕ್ಕಾಲಕ್ಕಿಂತ ಹೆಚ್ಚು ಬರೆದದ್ದೆಂದು ಯಾವ ಬಾಯಲ್ಲಿ ಹೇಳುವುದು? ನಾನೇ ಪತ್ರಿಕೆಯಲ್ಲಿ ಬರೆಯುತ್ತೇನೆ, ನೀನು ಬರಬೇಕಿಲ್ಲ ಎಂದೆ. ಅವನು ಬೋರ್ಡಿನ ಕಡೆಗೊಮ್ಮೆ ನೋಡಿ ಎದ್ದ. ‘ಅವರು ಪೇಪರಲ್ಲಿ ಓದಿ ತಿಳ್ಕೊಂಡ್ರೆ ನಾನು ಕದ್ದು ಬಚ್ಚಿಟ್ಕೊಂಡಂಗಾಗುತ್ತೆ ಅಕ್ಕ. ಕಾಪಿ ಕೊಟ್ಟಿದ್ದು ಈ ಕೈ. ಈ ಬಾಯೇ ಹೇಳ್ಲಿ,’ ಎಂದ.

ಸಂತೆಯ ದಿನ ಶಾಲೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಾಫರಣ್ಣ ನಿಂತು ಎಲ್ಲ ಹೇಳಿದ. ಅವನು ಮುಗಿಸುವಷ್ಟರಲ್ಲಿ ಇಡೀ ಸಭೆ ಎದ್ದು ನಿಂತಿತ್ತು. ಕೋಟೆಯವರು ಸ್ಟುಡಿಯೊದವನನ್ನು ಕೊಂಡುಕೊಂಡಿದ್ದಾರೆ ಎಂದರು ಕೆಲವರು. ನನ್ನ ಮದುವೆಯಲ್ಲಿ ನಾನಿದ್ದೆನೋ ಇಲ್ಲವೋ ಅದನ್ನಾದರೂ ಹೇಳು ಎಂದನೊಬ್ಬ. ಹೊಂಬಾಳಮ್ಮ ಒಂದೇ ಮಾತಿಗೆ ಎಲ್ಲರನ್ನೂ ಕೂರಿಸಿದರು. ಹೇಳಿದ್ದನ್ನು ತೋರಿಸಬೇಕು ಎಂದರು. ಅದೇ ಕೊಡ, ಅದೇ ಬಳೆ, ಅದೇ ಗಿರಣಿ ಮೂಲೆ, ಅದೇ ಬಿಸಿಲು. ಆದರೆ ಕೊಡ ಖಾಲಿ ಇರಬೇಕು. ಖಾಲಿ ಕೊಡದಿಂದ ಹನಿ ಬಿದ್ದರೆ ಒಪ್ಪುತ್ತೇವೆ. ಹೊರುವವರು ಕೋಟೆಯವರಾಗಬಾರದು. ಬೆಣ್ಣೆ ಕಾಪಿಯನ್ನೂ ಜಾಫರ ಮಾಡಬಾರದು. ತಂತ್ರಾಂಶ ಪುಕ್ಕಟೆ ತಾನೆ, ಶಾಲೆಯ ಕಂಪ್ಯೂಟರಿಗೇ ಇಳಿಸಿಕೊಂಡು ಇಲ್ಲೇ ಎಲ್ಲರೆದುರು ಮಾಡೋಣ.

ಹೊರುವವರು ಯಾರು ಎಂಬಲ್ಲಿಗೆ ಮಾತು ನಿಂತಿತು. ಕೆರೆ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮವನ ಕೀಲಿ ಹೋಗುವ ಕೆಲಸಕ್ಕೆ ಕೈ ಹಾಕಲು ಯಾರಿಗೂ ಮನಸ್ಸಿಲ್ಲ. ಆಗ ಬಾಗಿಲ ಬಳಿಯಿಂದ ವೀರಭದ್ರಯ್ಯ ಎದ್ದು ಬಂದ. ಬಿಳಿ ಮೀಸೆ, ಸೊಂಟದಲ್ಲಿ ಕೀಲಿ.

‘ನಾನು ಹೊರ್ತೀನಿ,’ ಎಂದ. ‘ಅನುಮಾನದ ಕೀಲಿ ಇಟ್ಕೊಂಡು ಎಷ್ಟು ದಿನ ಓಡಾಡ್ಲಿ? ಕೊಡಿ ಆ ಬಳೇನ.’

ಹಿಂದಿನಿಂದ ಯಾರೋ, ‘ಭದ್ರಣ್ಣ ಕೈಗೆ ಬಳೆ ತೊಟ್ಕೊಂಡ್ರಪ್ಪೋ’ ಎಂದದ್ದೇ ತಡ, ಎರಡೂ ಕಡೆಯವರು ಒಟ್ಟಿಗೆ ನಕ್ಕರು. ‘ತೊಟ್ಕೊಂಡೇ ತೋರಿಸ್ತೀನಿ, ನಿನ್ ಹಂಗೆ ಮನೇಲಿ ಕೂತಿಲ್ವಲ್ಲ,’ ಎಂದು ಆತ ತಿರುಗಿ ಉತ್ತರ ಕೊಟ್ಟ. ಬಳೆ ಅವನ ಕೈಗೆ ಹಿಡಿಯುವಂತಿರಲಿಲ್ಲ. ಸಂತೆಗೆ ಬಂದಿದ್ದ ಬಳೆಗಾರ್ತಿಯನ್ನು ಕರೆತಂದರು. ಆಕೆ ಅಂಗೈಗೆ ಎಣ್ಣೆ ಸವರಿ, ಹೆಬ್ಬೆರಳ ಗೆಣ್ಣನ್ನು ಒತ್ತಿ, ಹೊಸ ಮದುಮಗಳಿಗೆ ಹೇಳುವಂತೆ ‘ಕೈ ಸಡಿಲ ಬಿಡಿ, ಕೈ ಸಡಿಲ ಬಿಡಿ’ ಎನ್ನುತ್ತ, ಕೊನೆಗೂ ಏರಿಸಿಬಿಟ್ಟಳು.

ಮಾರನೆಯ ಬೆಳಗ್ಗೆ ಗಿರಣಿಯ ಮೂಲೆಯಲ್ಲಿ ವೀರಭದ್ರಯ್ಯ ಖಾಲಿ ಕೊಡ ಹೊತ್ತು ನಡೆದ. ಜಾಫರಣ್ಣ ವಿಡಿಯೊ ಹಿಡಿದ. ಶಾಲೆಯ ಕಂಪ್ಯೂಟರು ಹಳೆಯದು. ಅಷ್ಟು ಚಿಕ್ಕ ವಿಡಿಯೊವನ್ನು ಮೂವತ್ತು ಮಾಡಲು ಅದು ಏದುಸಿರು ಬಿಡುತ್ತ ಕೂತಿತು. ಜನ ಚಹಾ ಕುಡಿದರು, ತಿಂಡಿ ತಿಂದರು, ಮತ್ತೆ ಚಹಾ ಕುಡಿದರು. ಕೊನೆಗೆ ಪರದೆಯ ಮೇಲೆ ವೀರಭದ್ರಯ್ಯ ಬಂದ, ಬೆಣ್ಣೆಯಂತೆ ನಡೆದ, ಹೋದ. ಎಷ್ಟು ಸಲ ನೋಡಿದರೂ ಹನಿ ಇಲ್ಲ. ಹಾಲಿನಲ್ಲಿ ಗುಸುಗುಸು ಎದ್ದಿತು. ಜಾಫರಣ್ಣ ಬೆವರು ಒರೆಸಿಕೊಂಡ. ನಾನು ಬರೆಯಲೆಂದು ತೆರೆದ ಪೆನ್ನನ್ನು ಮುಚ್ಚಿದೆ. ಅಷ್ಟು ಹೊತ್ತೂ ಹಿಂದಿನ ಸಾಲಿನಲ್ಲಿ ಕೂತಿದ್ದ ಅನುಸೂಯ ಎದ್ದು ವೀರಭದ್ರಯ್ಯನ ಬಳಿ ಹೋದಳು.

‘ಮಾವ, ನೀವು ಖಾಲಿ ಕೊಡ ಹೊತ್ಕೊಂಡು ನಡೆದ್ರಿ,’ ಎಂದಳು.

‘ಖಾಲಿ ಅಲ್ದೆ ಇನ್ನೇನಮ್ಮ?’

‘ಮೊಣಕೈ ಜೋತು ಬಿಟ್ಟಿದ್ರಿ, ದಾಪುಗಾಲು ಹಾಕಿದ್ರಿ. ತುಂಬಿದೆ ಅನ್ಕೊಂಡು ನಡೀರಿ. ನಿಮ್ ಕಾಲದಲ್ಲಿ ನೀವು ಹೊತ್ಕೊಂಡು ಬಂದ್ರಲ್ಲ, ಹಂಗೆ.’

ಅಲ್ಲಿಂದ ಎರಡು ದಿನ ಮೋಡ. ಬಿಸಿಲಿಲ್ಲದೆ ಕೆಲಸ ನಿಂತಿತು. ಬಳೆ ಮಾತ್ರ ಕೈಯಲ್ಲೇ ಉಳಿಯಿತು, ಏಕೆಂದರೆ ಅದು ಕಳಚಿ ಬರುತ್ತಿರಲಿಲ್ಲ. ವೀರಭದ್ರಯ್ಯ ಬಳೆ ತೊಟ್ಟ ಕೈಯಿಂದಲೇ ನೀರ್ಮನೆಯ ಚಕ್ರ ತಿರುಗಿಸಿದ, ಬಳೆ ತೊಟ್ಟ ಕೈಯಿಂದಲೇ ಸೊಪ್ಪು ಆರಿಸಿಕೊಂಡ. ಕೋಟೆ ಕಡೆಯ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆಯಲೇ ಎಂದು ಕಿಚಾಯಿಸಿದರು. ಆತ ತಾಂಬೂಲ ಜಾಸ್ತಿ ಕೊಟ್ಟರೆ ಬರುತ್ತೇನೆಂದ. ಕೀಲಿಗಾಗಿ ಜಗಳವಾಡಬೇಕಾಗಿದ್ದ ಊರು ಈ ಬಳೆಯ ಮೇಲೆ ನಗಾಡುತ್ತ ಆ ಎರಡು ದಿನ ಕಳೆಯಿತು.

ಮೂರನೆಯ ಬೆಳಗ್ಗೆ ಬಿಸಿಲು ಬಂತು. ವೀರಭದ್ರಯ್ಯ ಖಾಲಿ ಕೊಡವನ್ನು ತಲೆಗೇರಿಸಿಕೊಂಡು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತ. ಆಮೇಲೆ ನಡೆಯತೊಡಗಿದ. ಎಷ್ಟು ಹುಷಾರಾಗಿ ನಡೆದನೆಂದರೆ, ದಾರಿಗೆ ಅಡ್ಡ ಬಂದ ನಾಯಿಯನ್ನು ಅಟ್ಟಲು ಹೊರಟವರೇ ಉಸಿರು ಹಿಡಿದು ನಿಂತರು. ಹೊಂಬಾಳಮ್ಮ ಗಿರಣಿ ನಿಲ್ಲಿಸಿ ಹೊರಗೆ ಬಂದರು. ಖಾಲಿಯೆಂದು ಎಲ್ಲರಿಗೂ ಗೊತ್ತು. ಆದರೂ ಆತ ಮೂಲೆ ತಿರುಗಿದಾಗ ನನ್ನ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ‘ಜೋಪಾನ’ ಎಂದಳು.

ಮತ್ತೆ ಶಾಲೆಯ ಕಂಪ್ಯೂಟರು, ಮತ್ತೆ ಚಹಾ. ಪರದೆಯ ಮೇಲೆ ವೀರಭದ್ರಯ್ಯ ಗಿರಣಿಯ ಮೂಲೆಗೆ ಬರುತ್ತಿದ್ದಂತೆ ಹೊಂಬಾಳಮ್ಮ ನಿಲ್ಲಿಸಲು ಹೇಳಿದರು. ಒಂದೊಂದೇ ಫ್ರೇಮು ಬಿಟ್ಟರು. ಬಳೆ ಮಿಂಚಿತು. ಮುಂದಿನದರಲ್ಲಿ, ಕೈಗೂ ಕೊಡಕ್ಕೂ ನಡುವೆ, ಗಾಳಿಯಲ್ಲಿ ಹನಿ ನಿಂತಿತ್ತು. ದುಂಡಗೆ, ಬೆಳ್ಳಗೆ, ಇನ್ನೇನು ಬೀಳಲಿರುವಂತೆ.

ಹೊಂಬಾಳಮ್ಮ ಎದ್ದು, ಮೇಜಿನ ಮೇಲಿದ್ದ ಹಿತ್ತಾಳೆ ಕೊಡವನ್ನು ಎತ್ತಿ, ಎಲ್ಲರೆದುರು ಬೋರಲು ಹಾಕಿದರು. ಏನೂ ಬೀಳಲಿಲ್ಲ. ಒಂದು ಒಣಗಿದ ಬೇವಿನೆಲೆ ಬಿತ್ತು.

‘ಇಷ್ಟು ವರ್ಷ ಅವರನ್ನ ಐದು ಕಮ್ಮಿ ಅಂತಿದ್ವಿ,’ ಎಂದರು. ಅವರ ಗಿರಣಿ ದನಿ ವಾಪಸ್ಸು ಬಂದಿತ್ತು. ‘ನಮ್ ಐದು ಜಾಸ್ತಿ ಎಲ್ಲಿಂದ ಬಂತು ಅಂತ ಒಬ್ಬರಾದ್ರೂ ಕೇಳಿದ್ವಾ? ಅನುಸೂಯ, ಬಾರವ್ವ ಈ ಕಡೆ. ನೀನು ಇಲ್ಲ ಅಂದಿದ್ದೆ. ಇಲ್ಲ.’

ಜಾಫರಣ್ಣನ ಅಂಗಡಿ ಮುಚ್ಚಲಿಲ್ಲ. ಕೆರೆ ಕಡೆಯವರು ಕೆಲವು ದಿನ ಮುನಿಸಿಕೊಂಡರು, ಆಮೇಲೆ ಒಬ್ಬೊಬ್ಬರಾಗಿ ಬಂದರು. ಹೆಚ್ಚಿನವರು ಬೆಣ್ಣೆ ಕಾಪಿಯೇ ಇರಲಿ ಎಂದರು. ಹಬ್ಬದ ದಿನ ಸುಮ್ಮನೆ ನೋಡಲು ಅದೇ ಚೆಂದ. ಆದರೆ ಜೊತೆಗೆ ಹಳೆಯ ಬಿಕ್ಕಳಿಕೆ ಕಾಪಿಯನ್ನೂ ಕೇಳಿ ಪಡೆದರು, ಅದರಲ್ಲಿರುವ ಮೂವತ್ತಕ್ಕೆ ಮೂವತ್ತೂ ಕ್ಯಾಮೆರಾ ಹಿಡಿದದ್ದು, ಒಂದೈದು ಎರಡು ಸಲ ಬರುತ್ತವೆ ಅಷ್ಟೆ. ಅವನು ಬೋರ್ಡಿನಲ್ಲಿ ‘ಬೆಣ್ಣೆ ಕಾಪಿ’ಯ ಕೆಳಗೆ ‘ನಡುವಿನದು ಬರೆದದ್ದು’ ಎಂದು ಸಣ್ಣ ಅಕ್ಷರದಲ್ಲಿ ಸೇರಿಸಿದ. ನನಗೆ ಅಕ್ಷರ ಸಣ್ಣದಾಯಿತೆನಿಸಿ ಹೇಳಿದೆ. ಮುಂದಿನ ವಾರ ದೊಡ್ಡದು ಮಾಡಿಸಿದ. ಕೊಡ ಹೊರುವ ದಿನ ಇನ್ನು ಮೇಲೆ ಎರಡು ಕ್ಯಾಮೆರಾ ಇರಬೇಕು, ಒಂದು ಇಪ್ಪತ್ತೈದರದ್ದು ಒಂದು ಮೂವತ್ತರದ್ದು, ಎಂದು ಹಿರಿಯರು ನಿಯಮ ಮಾಡಿದರು.

ಕೀಲಿ ಕೈ ಬದಲಾದ ಬೆಳಗ್ಗೆ ನಾನು ನೀರ್ಮನೆಯಲ್ಲಿದ್ದೆ. ಅನುಸೂಯ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊದಲು ಎತ್ತರದ ಕೊಳವೆಯ ಚಕ್ರ ತಿರುಗಿಸಿದಳು. ಅದು ತುಂಬುವ ತನಕ ಕಿವಿಗೊಟ್ಟು ಕಾದು, ಆಮೇಲೆ ತಗ್ಗಿನದು ಬಿಟ್ಟಳು. ವೀರಭದ್ರಯ್ಯ ಪಕ್ಕದಲ್ಲಿ ನಿಂತು, ತಪ್ಪು ಹುಡುಕಲು ಹೊರಟವನ ಮುಖ ಮಾಡಿಕೊಂಡು, ಬಹಳ ಹೊತ್ತು ನೋಡಿದ. 

‘ಕೊನೆ ಬೀದಿಗೆ ಹೋಗಿ ನೋಡ್ಕೊಂಡ್ ಬರ್ಲಾ?’ ಎಂದು ಕೇಳಿದ.

‘ಹೋಗಿ ಬರೋರಂತೆ ಮಾವ. ಮೊದ್ಲು ನನ್ನ ಬಳೆ ಕೊಡಿ.’

ಬಳೆ ಬರುವುದಕ್ಕೆ ಒಪ್ಪಲಿಲ್ಲ. ಅವಳು ಹೊರಗಿನ ನಲ್ಲಿ ತಿರುಗಿಸಿದಳು. ಅವಳ ಕಾಲದ ಮೊದಲ ನೀರು ಅಲ್ಲಿಗೆ ಬಂತು, ಸ್ವಲ್ಪ ಕೆಮ್ಮಿ, ತುಕ್ಕು ಉಗುಳಿ, ಆಮೇಲೆ ತಿಳಿಯಾಗಿ ಸುರಿಯಿತು. ಆತ ನಲ್ಲಿಯ ಕೆಳಗೆ ಕೈ ಒಡ್ಡಿದ. ಅವಳು ಸೋಪು ತಿಕ್ಕಿ, ಹೆಬ್ಬೆರಳನ್ನು ಮಡಿಚಿ, ಕಾಲು ಕಟ್ಟೆಗೆ ಒತ್ತಿ, ಕೊಳವೆಯ ನಟ್ಟು ಬಿಚ್ಚುವಂತೆ ತಿರುಗಿಸಿ ತಿರುಗಿಸಿ ಎಳೆದಳು. ಆತ ಅಯ್ಯೋ ಅವ್ವ ಎಂದ, ನಕ್ಕ, ಮತ್ತೆ ಅಯ್ಯೋ ಎಂದ. ಬಳೆ ಕೊನೆಗೂ ಕಳಚಿ ಬಂದ ಹೊಡೆತಕ್ಕೆ ನೀರು ಮೂವರ ಮೇಲೂ ಹಾರಿ, ಬಿಸಿಲಿನಲ್ಲಿ ಮಿಂಚಿ, ಕಲ್ಲಿನ ಮೇಲೆಲ್ಲ ಚೆಲ್ಲಿತು. ಎಷ್ಟು ಹನಿ ಎಂದು ನಾನು ಬರೆದುಕೊಳ್ಳಲಿಲ್ಲ.